ಮೀನಿನ ಭ್ರೂಣದೊಳಗೆ ಕಂಡ ಕ್ಷಯದ ತಂತ್ರ

ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾವನ್ನು ಎಷ್ಟು ಹೊತ್ತು ನೋಡಿದರೂ ಅದರ ಉಗ್ರತೆ ತಿಳಿಯುವುದಿಲ್ಲ. ಪ್ರಾಣ ತೆಗೆಯುವ ತಳಿಯೂ ನಿರುಪದ್ರವಿ ತಳಿಯೂ ಅಲ್ಲಿ ಒಂದೇ ಬಗೆಯಲ್ಲಿ ಹುಲುಸಾಗಿ ಬೆಳೆಯಬಹುದು. ರೋಗ ತರುವ ಶಕ್ತಿ ಬಯಲಾಗುವುದು ಜೀವವೊಂದರ ಒಳಹೊಕ್ಕು ಅದರ ಕಾವಲು ಕೋಶಗಳಿಗೆ ಎದುರಾದಾಗ. ಇಲಿಗೆ ಸೋಂಕು ತಗುಲಿಸಿದರೆ ಸಾಮಾನ್ಯವಾಗಿ ಅದನ್ನು ಕೊಂದು, ಶ್ವಾಸಕೋಶವನ್ನು ಕೊಯ್ದು, ಒಂದು ಗಳಿಗೆಯ ಸ್ಥಿತಿಯನ್ನಷ್ಟೇ ಕಾಣಬಹುದು. ಹೋರಾಟ ನಡೆಯುತ್ತಿರುವಾಗಲೇ ನೋಡಲು ಬೇರೆ ದಾರಿ ಬೇಕಿತ್ತು.

ಆ ದಾರಿ ತೆರೆದದ್ದು ನಮ್ಮ ಉಪಖಂಡದ ಹಳ್ಳಕೊಳ್ಳಗಳ ಪುಟ್ಟ ಪಟ್ಟೆ ಮೀನು, ಜೀಬ್ರಾ ಫಿಶ್. 1822ರಲ್ಲಿ ಗಂಗೆಯ ಮೀನುಗಳ ಜೊತೆ ಇದನ್ನು ವಿವರಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪುವಿನ ಪತನದ ಬೆನ್ನಲ್ಲೇ, 1800–01ರಲ್ಲಿ, ಮೈಸೂರು ಮತ್ತು ಕೆನರಾ ಸೀಮೆಗಳನ್ನು ಸುತ್ತಿ ಬೆಳೆ, ಕಸುಬುಗಳನ್ನು ದಾಖಲಿಸಿದ ಬುಕಾನನ್ ಈತನೇ.

ಈ ಮೀನಿನ ಮೊಟ್ಟೆ ತಾಯಿಯ ಒಡಲಿನ ಹೊರಗೆ ಬೆಳೆಯುತ್ತದೆ, ಭ್ರೂಣ ಪಾರದರ್ಶಕ. ಒಂದು ದಿನ ಕಳೆಯುವಷ್ಟರಲ್ಲಿ ಹೃದಯ ಬಡಿಯತೊಡಗುತ್ತದೆ. ಎರಡನೆಯ ದಿನ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಮೈತುಂಬ ಓಡಾಡುತ್ತಿರುತ್ತವೆ. ಆದರೆ ಬಿಳಿ ರಕ್ತಕಣಗಳ ಇನ್ನೊಂದು ಬಗೆಯಾದ ಲಿಂಫೋಸೈಟ್‌ಗಳ ಪಡೆ ಬಲಿಯಲು ಇನ್ನೂ ವಾರಗಳೇ ಬೇಕು. ಈ ಕೊರತೆಯೇ ಇಲ್ಲಿ ವರವಾಯಿತು: ಭಕ್ಷಕ ಕೋಶಗಳು ತಾವಾಗಿಯೇ ಏನು ಮಾಡಬಲ್ಲವು ಎಂಬುದನ್ನು ಬೇರೆಯಾಗಿ ನೋಡಬಹುದು.

ವಡೋದರದಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ಲಲಿತಾ ರಾಮಕೃಷ್ಣನ್ ಮತ್ತು ಸಂಗಡಿಗರು ಇಂಥ ಭ್ರೂಣಗಳಿಗೆ ಸೂಕ್ಷ್ಮ ಸೂಜಿಯಿಂದ ಮೈಕೋಬ್ಯಾಕ್ಟೀರಿಯಂ ಮರೈನಮ್ ಚುಚ್ಚಿದರು. ಮೀನು, ಕಪ್ಪೆಗಳಿಗೆ ಕ್ಷಯದಂಥ ರೋಗ ತರುವ ಇದು ಮನುಷ್ಯರ ಕ್ಷಯದ ಬ್ಯಾಕ್ಟೀರಿಯಾದ ಹತ್ತಿರದ ಬಂಧು. ಕ್ಷಯದ ಗುರುತಾದ ಗ್ರಾನ್ಯುಲೋಮಾ ಎಂಬ ಕೋಶಗಳ ಗಂಟು ಕಟ್ಟಲು ಲಿಂಫೋಸೈಟ್‌ಗಳು ಬೇಕೇ ಬೇಕು ಎಂದು ನಂಬಲಾಗಿತ್ತು. ಅವಿಲ್ಲದೆಯೇ ಆ ಗಂಟು ಕಟ್ಟತೊಡಗಿದ್ದನ್ನು 2002ರಲ್ಲಿ ಅವರು ತೋರಿಸಿದರು.

ನನಗೆ ಇದಕ್ಕಿಂತ ದೊಡ್ಡದೆನಿಸುವುದು 2009ರ ಶೋಧ. ಈ ಗಂಟು ಬ್ಯಾಕ್ಟೀರಿಯಾವನ್ನು ಸೆರೆಯಿಡಲು ದೇಹ ಕಟ್ಟಿದ ಕೋಟೆ ಎಂಬುದು ಪಠ್ಯಪುಸ್ತಕಗಳ ಮಾತು. ಭ್ರೂಣದಲ್ಲಿ ಕಂಡದ್ದು ತಿರುಗುಮುರುಗು. ಸೋಂಕಿದ ಭಕ್ಷಕ ಕೋಶ ಸಾಯುತ್ತದೆ. ಹೊಸವು ಧಾವಿಸಿ ಬಂದು ಅದನ್ನು ನುಂಗುತ್ತವೆ. ಬ್ಯಾಕ್ಟೀರಿಯಾಕ್ಕೆ ಹೊಸ ಮನೆಗಳು ಸಿಗುತ್ತವೆ. ಕೆಲವು ಕೋಶಗಳು ಗಂಟಿನಿಂದ ಹೊರಬಿದ್ದು ಸೋಂಕನ್ನು ಬೇರೆಡೆಗೂ ಒಯ್ಯುತ್ತವೆ. ಆರ್‌ಡಿ1 ಎಂಬ ಜೀನ್ ಭಾಗ ಕಳೆದುಕೊಂಡ ತಳಿಗೆ ಈ ಕರೆಸಿಕೊಳ್ಳುವ ಕಲೆ ಇಲ್ಲ. ಅದರ ಸಂಖ್ಯೆ ಅಷ್ಟಾಗಿ ಏರುವುದಿಲ್ಲ.

ಅದೇ ಆರ್‌ಡಿ1 ಭಾಗ ನಮ್ಮ ಮಕ್ಕಳ ತೋಳಿಗೆ ಚುಚ್ಚುವ ಬಿಸಿಜಿ ಲಸಿಕೆಯಲ್ಲೂ ಇಲ್ಲ. ಈ ಲಸಿಕೆ ರೂಪಿಸಿದ ಕಾಲ್ಮೆಟ್ ಮತ್ತು ಗೆರಾನ್ 13 ವರ್ಷ ಮತ್ತೆ ಮತ್ತೆ ಬೆಳೆಸುತ್ತ ಹೋದಾಗ ಬ್ಯಾಕ್ಟೀರಿಯಾ ಅದನ್ನು ಕಳೆದುಕೊಂಡಿತು. 1921ರಲ್ಲಿ ಮೊದಲ ಬಾರಿ ಮಗುವಿಗೆ ಕೊಟ್ಟ ಲಸಿಕೆಯ ಸೌಮ್ಯತೆಗೆ ಒಂದು ಮುಖ್ಯ ಕಾರಣ ಹೀಗೆ ಕಣ್ಣಿಗೆ ಕಂಡಿತು.

ಮೀನಿಗೆ ಶ್ವಾಸಕೋಶವಿಲ್ಲ, ಭ್ರೂಣಗಳನ್ನು ಸಾಕುವುದೂ ಸುಮಾರು 28 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಇಲ್ಲಿ ಕಂಡದ್ದನ್ನೆಲ್ಲ ರೋಗಿಯ ಎದೆಗೆ ನೇರವಾಗಿ ಹೊಂದಿಸಲಾಗದು. ಆದರೂ 2010ರಲ್ಲಿ ದೊರೆತ ಸುಳಿವು ಅಮೂಲ್ಯ. ಆರ್‌ಡಿ1ರ ನೆರವಿನಿಂದ ಸ್ರವಿಸುವ ಈಸ್ಯಾಟ್-6 ಎಂಬ ಪ್ರೋಟೀನ್, ನೆರೆಯ ಹೊದಿಕೆ ಕೋಶಗಳಲ್ಲಿ ಎಂಎಂಪಿ9 ಎಂಬ ಕಿಣ್ವವನ್ನು ಹೆಚ್ಚಿಸಿ ಭಕ್ಷಕ ಕೋಶಗಳನ್ನು ಸೆಳೆಯುತ್ತದೆ. ಭ್ರೂಣದಲ್ಲಿ ಆ ಕಿಣ್ವವನ್ನು ತಡೆದಾಗ ಗಂಟುಗಳೂ ಕುಗ್ಗಿದವು, ಬ್ಯಾಕ್ಟೀರಿಯಾವೂ ಕಡಿಮೆಯಾದವು. ಕಿಣ್ವ ದೇಹದ್ದೇ ಆದ್ದರಿಂದ, ಔಷಧಗಳಿಗೆ ಬಗ್ಗದ ಕ್ಷಯದಲ್ಲೂ ಅದನ್ನು ಗುರಿಯಾಗಿಸಿ ಪ್ರಯತ್ನಿಸಬಹುದು.