ಪದ ಪರಿಚಯ: ಅರಿವಳಿಕೆ

ಕಲಬುರಗಿಯ ಒಂದು ದವಾಖಾನೆಯಲ್ಲಿ ಕೋಣೆಯೊಂದರ ಬಾಗಿಲ ಮೇಲೆ ‘ಅರವಳಿಕೆ ತಜ್ಞರು’ ಎಂದು ಬರೆದಿತ್ತು. ನನಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಬೇಕಿತ್ತು. ಅದಕ್ಕೆ ಮುಂಚಿನ ತಪಾಸಣೆಗೆ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಪಕ್ಕದಲ್ಲಿ ಆಳಂದ ಕಡೆಯ ಹಿರಿಯರೊಬ್ಬರಿದ್ದರು.

‘ಇದೇನ್ರಿ, ಅರವಳಿಕಿ ಅಂದ್ರ?’

‘ಬೇಹೋಶ್ ಮಾಡೋ ಡಾಕ್ಟರ್, ಕಾಕಾ.’

‘ಮತ್ತ ಹಂಗೇ ಬರೀಬೇಕಿಲ್ಲೇನು!’

ಅವರ ತಕರಾರು ನ್ಯಾಯವಾದದ್ದೇ. ಆದರೆ ಬೋರ್ಡಿನಲ್ಲಿ ಒಂದು ಗುಡಿಸು ಕೂಡ ತಪ್ಪಿಹೋಗಿತ್ತು. ಸರಿಯಾದ ಪದ ಅರಿವಳಿಕೆ. ಅರಿವು, ಅಳಿಕೆ ಎರಡೂ ಸೇರಿ ಆದ ಮಾತು. ಅರಿವು ಅಂದರೆ ತಿಳಿವು. ಅಳಿ ಅಂದರೆ ಇಲ್ಲವಾಗು. ‘ಅಳಿದುಳಿದದ್ದು’ ಅನ್ನುತ್ತೇವಲ್ಲ, ಅದೇ ಅಳಿ. ಗುಡಿಸು ಬಿದ್ದುಹೋದರೆ ಪದದೊಳಗಿನ ಅರಿವೇ ಅಳಿದುಹೋಗುತ್ತದೆ. ಈ ತಪ್ಪು ಎಷ್ಟು ರೂಢಿಯಾಗಿದೆ ಅಂದರೆ, ಸರಿಯಾಗಿ ಬರೆದವರನ್ನೇ ಜನ ತಿದ್ದುತ್ತಾರೆ.

ಇಂಗ್ಲಿಷಿನ ಅನಸ್ತೇಶಿಯಾ ಪದಕ್ಕೂ ಒಂದು ಕಥೆಯಿದೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಎಂಬ ಹಲ್ಲಿನ ವೈದ್ಯ ಒಬ್ಬ ರೋಗಿಗೆ ಈಥರ್ ಎಂಬ ದ್ರವದ ಆವಿ ಮೂಸಿಸಿದ. ಕುತ್ತಿಗೆಯ ಗಡ್ಡೆಯನ್ನು ಕೊಯ್ದು ತೆಗೆಯುವಾಗ ಆ ರೋಗಿ ಚೀರಲಿಲ್ಲ. ಜನರೆದುರು ನಡೆದ ಆ ಪ್ರಯೋಗ ದೊಡ್ಡ ಸುದ್ದಿಯಾಯಿತು. ಮುಂದಿನ ತಿಂಗಳೇ ಆಲಿವರ್ ವೆಂಡೆಲ್ ಹೋಮ್ಸ್ ಎಂಬ ವೈದ್ಯ ಮಾರ್ಟನ್‌ಗೆ ಕಾಗದ ಬರೆದು, ಈ ಸ್ಥಿತಿಗೆ ಅನಸ್ತೇಶಿಯಾ ಅನ್ನೋಣ ಎಂದು ಸೂಚಿಸಿದ. ಗ್ರೀಕಿನಲ್ಲಿ ‘ಅನ್’ ಅಂದರೆ ಇಲ್ಲ, ‘ಐಸ್ತೇಸಿಸ್’ ಅಂದರೆ ಮುಟ್ಟಿದ್ದು, ನೋಯುವುದು ಮೈಗೆ ಗೊತ್ತಾಗುವುದು.

ನಮ್ಮ ಕಡೆಯ ಬೇಹೋಶ್ ಕೂಡ ಹೀಗೇ ಕಟ್ಟಿದ ಪದ. ‘ಬೇ’ ಅಂದರೆ ಇಲ್ಲ, ‘ಹೋಶ್’ ಅಂದರೆ ಎಚ್ಚರ. ತೊಂದರೆ ಏನಪ್ಪಾ ಅಂದರೆ, ಮೇ ತಿಂಗಳ ಬಿಸಿಲಿಗೆ ಚಕ್ಕರ್ ಬಂದು ಬಸ್‌ಸ್ಟ್ಯಾಂಡಿನಲ್ಲಿ ಬಿದ್ದವನೂ ಬೇಹೋಶ್, ಆಪರೇಷನ್ ಟೇಬಲ್ ಮೇಲಿರುವವನೂ ಬೇಹೋಶ್. ಹೀಗಾಗಿ ಹಿರಿಯರಿಗೆ ಈ ಪದ ಕೇಳಿದರೇನೇ ಭಯ. ಬೀದರ್, ಆಳಂದ ಕಡೆಯಿಂದ ಚಿಕಿತ್ಸೆಗೆ ಸೊಲ್ಲಾಪುರಕ್ಕೆ ಹೋದವರು ಅಲ್ಲಿ ಮರಾಠಿಯ ‘ಭೂಲ್’ ಕೇಳಿರುತ್ತಾರೆ. ಅರಿವಳಿಕೆ ಕೊಡುವವರು ಅಲ್ಲಿ ‘ಭೂಲತಜ್ಞ’. ಭೂಲ್ ಅಂದರೆ ಮರುಳು, ಭ್ರಮೆ ಅಂತಲೂ ಆಗುತ್ತದೆ. ಮಾಟ ಮಾಡುವವರ ಹೆಸರಿನ ಹಾಗಿದೆ, ಅಲ್ವಾ?

ಹಲ್ಲು ಕೀಳುವಾಗ ಒಸಡಿಗೆ, ಹೆರಿಗೆ ಆಪರೇಷನ್‌ಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ನೂ ಅರಿವಳಿಕೆಯ ಲೆಕ್ಕಕ್ಕೇ ಸೇರುತ್ತದೆ. ನನಗೆ ಇದು ಸ್ವಲ್ಪ ಒಪ್ಪಿಗೆಯಾಗುವುದಿಲ್ಲ. ಅಲ್ಲಿ ಮೈಯ ಒಂದು ಭಾಗ ಜೋಮು ಹಿಡಿಯುತ್ತದೆ ಅಷ್ಟೆ. ಅರಿವು ಇದ್ದೇ ಇರುತ್ತದೆ. ಹೋಮ್ಸ್‌ನ ಪದ ಅದಕ್ಕೆ ಸರಿಹೊಂದುತ್ತದೆ. ಕನ್ನಡದ ಪದ ಸರಿಯಾಗಿ ಕೂರುವುದು ಪೂರ್ತಿ ಅರಿವಳಿಕೆಗೆ ಮಾತ್ರ, ಅಂದರೆ ವೈದ್ಯರು ‘ಜನರಲ್’ ಅನ್ನುವುದಕ್ಕೆ. ನನಗೆ ಇದು ಗೊತ್ತಾದದ್ದು ಟೇಬಲ್ ಮೇಲೆ ಮಲಗಿ ಎದ್ದ ಮೇಲೆ.

ತಪಾಸಣೆಯ ದಿನ ಅರಿವಳಿಕೆ ವೈದ್ಯೆ ಮೊದಲು ‘ಬಾಯಿ ಪೂರ್ತಿ ತೆಗೀರಿ’ ಅಂದರು. ನಾಲಿಗೆ ನೋಡೋದಕ್ಕೇನೋ ಅಂದುಕೊಂಡೆ. ಅವರು ನೋಡುತ್ತಿದ್ದದ್ದು ಗಂಟಲಿಗೆ ಕೊಳವೆ ಇಳಿಸಲು ಎಷ್ಟು ಜಾಗವಿದೆ ಅಂತ. ಗುಟ್ಕಾ ತಿಂದು ತಿಂದು ದವಡೆ ಬಿಗಿದವರಿಗೆ ಬಾಯಲ್ಲಿ ಮೂರು ಬೆರಳು ಹೋಗುವುದೂ ಕಷ್ಟ. ಅಂಥವರಿಗೆ ಕೊಳವೆ ಹಾಕುವುದು ದೊಡ್ಡ ಸವಾಲು. ಪಕ್ಕದ ಕಾಕಾ ಒಳಗೆ ಹೋಗುವಾಗ ಬಾಯಲ್ಲಿದ್ದದ್ದನ್ನು ಉಗುಳಿ ಬಂದಿದ್ದು ನೆನಪಿದೆ.

ಉಪವಾಸದ ಮಾತೂ ಹಾಗೇ. ಆಪರೇಷನ್‌ಗೆ ಆರು ಗಂಟೆ ಮುಂಚಿನಿಂದ ಊಟವಿಲ್ಲ, ಎರಡು ಗಂಟೆ ಮುಂಚಿನಿಂದ ನೀರೂ ಇಲ್ಲ. ‘ಹೊಟ್ಟಿ ಸ್ವಚ್ಛ ಇರ್ಲಿ ಅಂತ’ ಎಂದು ಬಹಳ ಜನ ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ. ಎಚ್ಚರವಿದ್ದಾಗ ಶ್ವಾಸನಾಳಕ್ಕೆ ಏನಾದರೂ ಹೋದರೆ ಕೆಮ್ಮಿ ಹೊರಹಾಕುತ್ತೇವೆ. ಅರಿವಳಿಕೆಯಲ್ಲಿ ಆ ಕಾವಲು ಇರುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಹಾಲು ಹಾಕಿದ ಚಾ ಊಟದ ಲೆಕ್ಕಕ್ಕೇ ಬರುತ್ತದೆ, ನೀರಿನ ಲೆಕ್ಕಕ್ಕಲ್ಲ. ಮುಂಜಾನೆ ಕದ್ದು ಅರ್ಧ ಕಪ್ ಕುಡಿದು ಸುಮ್ನೆ ಇರುವವರು ಇದನ್ನು ನೆನಪಿಡಬೇಕು.

ಇನ್ನು ಆ ದಿನ. ಒಳಗೆ ಜಾಸ್ತಿ ಚಳಿ. ಎದೆಗೆ ಸ್ಟಿಕ್ಕರ್, ಬೆರಳಿಗೆ ಕ್ಲಿಪ್, ಮೂಗು ಬಾಯಿಗೆ ಮಾಸ್ಕ್. ‘ಜೋರಾಗಿ ಉಸಿರು ತಗೋರಿ, ಬರೀ ಆಕ್ಸಿಜನ್’ ಅಂದರು. ಸಿರಿಂಜಿನಲ್ಲಿ ಹಾಲಿನಂಥ ಬಿಳಿ ಔಷಧಿ ಕಂಡಿತು. ಅದು ಪ್ರೊಪೊಫಾಲ್. ಕೈಯ ನರದಲ್ಲಿ ಉರಿ ಏರುತ್ತಾ ಬಂತು. ವೈದ್ಯೆ ಮಾತಾಡಿಸುತ್ತಿದ್ದರು.

‘ಯಾವೂರ್ರಿ ನಿಮ್ದು?’

‘ಚಿಂಚೋಳಿ ಹತ್ರ, ಮೇಡಂ.’

‘ಹೊಲಕ್ಕ ಏನು ಹಾಕೀರಿ ಈ ಸಲ?’

‘ತೊಗರಿ...’

ಅಷ್ಟೆ. ಮುಂದಿನದು ನನ್ನ ಹತ್ತಿರ ಇಲ್ಲ.

ಕತ್ತಲೆ ಕಂಡಿತೇ ಅಂತ ಕೇಳುತ್ತಾರೆ. ಕತ್ತಲೆ ಕಾಣಬೇಕಾದರೂ ನೋಡುವವನೊಬ್ಬ ಇರಬೇಕಲ್ಲ. ನಿದ್ದೆಯಿಂದ ಎದ್ದಾಗ, ಗಡಿಯಾರ ನೋಡದಿದ್ದರೂ, ಒಂದಷ್ಟು ಹೊತ್ತು ಕಳೆದಿದೆ ಅನ್ನುವುದು ಮೈಗೆ ಗೊತ್ತಿರುತ್ತದೆ. ಇಲ್ಲಿ ಅದೂ ಇಲ್ಲ. ‘ತೊಗರಿ’ ಅನ್ನುವ ಮಾತಿಗೂ ‘ಕಣ್ಣು ತೆಗೀರಿ’ ಅನ್ನುವ ಮಾತಿಗೂ ನಡುವೆ ಸಂದೇ ಇರಲಿಲ್ಲ. ಎರಡು ಗಂಟೆಯನ್ನು ಕತ್ತರಿಸಿ ತೆಗೆದು, ತುದಿಗಳನ್ನು ಸೇರಿಸಿ ಹೊಲಿದ ಹಾಗೆ. ‘ನಿದ್ದಿ ಬರಸ್ತೀವಿ’ ಅಂತ ಡಾಕ್ಟರು ಹೇಳುವುದು ರೋಗಿಯ ಸಮಾಧಾನಕ್ಕೆ. ನಿದ್ದೆಯಲ್ಲಿದ್ದವನನ್ನು ಚುಚ್ಚಿದರೆ ಏಳುತ್ತಾನೆ, ಇಲ್ಲಿ ಹೊಟ್ಟೆ ಕೊಯ್ದರೂ ಏಳುವುದಿಲ್ಲ. ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಿದರೆ ಈ ಸ್ಥಿತಿ ನಿದ್ದೆಗಿಂತ ಕೋಮಾಕ್ಕೆ ಹತ್ತಿರ. ಒಂದೇ ವ್ಯತ್ಯಾಸ: ಔಷಧಿ ನಿಲ್ಲಿಸಿದರೆ ವಾಪಸ್ ಬರುತ್ತೇವೆ.

ಇದೆಲ್ಲ ಒಂದೇ ಇಂಜೆಕ್ಷನ್ನಿನ ಕೆಲಸವಲ್ಲ. ಪ್ರೊಪೊಫಾಲ್ ಅರಿವನ್ನು ಆರಿಸುತ್ತದೆ. ಅದು ಕೆಲವೇ ನಿಮಿಷ ಇರುವುದರಿಂದ ಆಮೇಲೆ ಕೊಳವೆಯ ಮೂಲಕ ಸೆವೊಫ್ಲುರೇನ್‌ನಂಥ ಅನಿಲ ಕೊಡುತ್ತಾರೆ. ನೋವಿಗೆ ಫೆಂಟನಿಲ್ ಜಾತಿಯ ಔಷಧಿ ಬೇರೆ. ಸ್ನಾಯು ಸಡಿಲಿಸಲು ಇನ್ನೊಂದು. ಸ್ನಾಯು ಸಡಿಲಿಸುವ ಔಷಧಿಗಳ ಮೂಲ ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಬಾಣಕ್ಕೆ ಸವರುತ್ತಿದ್ದ ಕ್ಯುರಾರೆ ವಿಷ. ಸ್ನಾಯು ಸಡಿಲಾದರೆ ಉಸಿರಾಟವೂ ನಿಲ್ಲುತ್ತದೆ. ಆಗ ಉಸಿರಾಡಿಸುವುದು ಯಂತ್ರ. ‘ಸೂಜಿ ಚುಚ್ಚಿ ಹೋಗೋ ಡಾಕ್ಟರ್’ ಅಂತ ಅರಿವಳಿಕೆ ವೈದ್ಯರನ್ನು ಹಗುರಾಗಿ ಆಡುವವರಿದ್ದಾರೆ. ಈ ವೈದ್ಯರು ಎಲ್ಲಿಗೂ ಹೋಗಿರುವುದಿಲ್ಲ. ಪೂರ್ತಿ ಹೊತ್ತು ನಮ್ಮ ತಲೆಯ ಹತ್ತಿರವೇ ಇರುತ್ತಾರೆ.

ನಡುವೆ ಎಚ್ಚರವಾದರೆ? ನನಗೂ ಈ ಭಯವಿತ್ತು. ಆಗುವುದುಂಟು, ಆದರೆ ಬಹಳ ಅಪರೂಪ. 2014ರಲ್ಲಿ ಪ್ರಕಟವಾದ ಬ್ರಿಟನ್, ಐರ್ಲೆಂಡ್‌ಗಳ ದೊಡ್ಡ ಅಧ್ಯಯನದ ಪ್ರಕಾರ, ಪೂರ್ತಿ ಅರಿವಳಿಕೆ ಪಡೆದ ಸುಮಾರು 19,000 ಜನರಲ್ಲಿ ಒಬ್ಬರು ನಡುವೆ ಅರಿವು ಬಂದಿತ್ತೆಂದು ಆಮೇಲೆ ಹೇಳಿದ್ದಾರೆ.

ಈ ವಿದ್ಯೆಗೂ ನಮ್ಮ ಭಾಗಕ್ಕೂ ಒಂದು ಹಳೆಯ ನಂಟಿದೆ. ಕಲಬುರಗಿ, ಬೀದರ್‌ಗಳು ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದ ಕಾಲ. ಆಗ ಅರಿವಳಿಕೆ ಅಂದರೆ ಕ್ಲೋರೊಫಾರ್ಮ್. ಅದನ್ನು ಮೂಸಿದ ಕೆಲವರು ಟೇಬಲ್ ಮೇಲೇ ಸಾಯುತ್ತಿದ್ದರು. ಮೊದಲು ನಿಲ್ಲುವುದು ಉಸಿರೋ, ಹೃದಯವೋ ಎಂಬುದು ಜಗತ್ತಿನ ವೈದ್ಯರ ದೊಡ್ಡ ಜಗಳ. ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಎಡ್ವರ್ಡ್ ಲಾರಿ, ಉಸಿರೇ ಅಂತ ಪಟ್ಟು ಹಿಡಿದ. ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ ಹಣ ಕೊಟ್ಟ. 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕ್ಲೋರೊಫಾರ್ಮ್ ಆಯೋಗ ಕೂತಿತು. ಎರಡನೆಯದಕ್ಕೆ ಲಂಡನ್ನಿನ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆ ಲಾಡರ್ ಬ್ರಂಟನ್ ಎಂಬ ವೈದ್ಯನನ್ನು ಹಡಗು ಹತ್ತಿಸಿ ಕಳಿಸಿತು. ನೂರಾರು ನಾಯಿಗಳ ಮೇಲೆ ಪ್ರಯೋಗ ನಡೆಯಿತು. ಪಾಪ, ನಾಯಿಗಳು. ಕೊನೆಗೆ ಆಯೋಗ ಹೇಳಿದ್ದು: ಉಸಿರನ್ನು ನೋಡುತ್ತಿರಿ, ಸಾಕು. ಇದು ಪೂರ್ತಿ ಸರಿಯಲ್ಲ, ಕ್ಲೋರೊಫಾರ್ಮ್ ಹೃದಯವನ್ನೂ ಒಮ್ಮೆಲೇ ನಿಲ್ಲಿಸಬಲ್ಲದು ಎಂದು ಆಮೇಲೆ ತಿಳಿಯಿತು. ಈಗ ಆ ಔಷಧಿಯೇ ಬಳಕೆಯಲ್ಲಿಲ್ಲ. ಅದೇ ಕಾಲದಲ್ಲಿ ಹೈದರಾಬಾದಿನ ವೈದ್ಯಕೀಯ ಶಾಲೆಯಲ್ಲಿ ಕಲಿತು ರೋಗಿಗಳಿಗೆ ಕ್ಲೋರೊಫಾರ್ಮ್ ಕೊಡುತ್ತಿದ್ದವರು ಡಾ. ರೂಪಾಬಾಯಿ ಫರ್ದೂನ್‌ಜಿ. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಅವರನ್ನು ಗುರುತಿಸುವವರಿದ್ದಾರೆ. ನಮ್ಮ ಪಾಠದ ಪುಸ್ತಕದಲ್ಲಿ ನಾನಂತೂ ಈ ಹೆಸರು ಓದಿರಲಿಲ್ಲ.

ಅರಿವು ಹೋಗಲು ಒಂದು ನಿಮಿಷವೂ ಹಿಡಿಯಲಿಲ್ಲ. ವಾಪಸ್ ಬಂದದ್ದು ಕಂತು ಕಂತಾಗಿ. ಮೊದಲು ಯಾರೋ ನನ್ನ ಹೆಸರು ಕರೆಯುವ ಸದ್ದು. ಆಮೇಲೆ ಹಲ್ಲು ಕಟಕಟ ಅನ್ನುವ ನಡುಕ. ಇದು ಬಹಳ ಜನರಿಗೆ ಆಗುತ್ತದೆ. ಆಮೇಲೆ ಕೊಳವೆ ತೆಗೆದ ಗಂಟಲಿನ ಕೆರೆತ. ಹೊಟ್ಟೆಯ ನೋವು ಎಲ್ಲಕ್ಕಿಂತ ಕೊನೆಗೆ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ. ನಾನು ಎದ್ದದ್ದು ಆಗಲೇ ಅಂತ ನನ್ನ ಲೆಕ್ಕ.

ತಂಗಿ ಒಪ್ಪುವುದಿಲ್ಲ. ‘ಹನ್ನೆರಡಕ್ಕೇ ಕಣ್ಣು ತೆಗ್ದಿದ್ದಿ ಅಣ್ಣಾ. ನನ್ನ ಗುರ್ತು ಹಿಡ್ದಿ, ಸಿಸ್ಟರ್‌ಗೆ ನಮಸ್ಕಾರ ಅಂದಿ, ತೊಗರಿ ರೇಟ್ ಎಷ್ಟಾತು ಅಂತ ಮೂರು ಸಲ ಕೇಳ್ದಿ’ ಅನ್ನುತ್ತಾಳೆ. ಆ ಅರ್ಧ ಗಂಟೆ ಮಾತಾಡಿದ್ದು ನಾನೇ. ಅದರ ಒಂದಕ್ಷರವೂ ನನಗೆ ನೆನಪಿಲ್ಲ. ರೇಟ್ ಎಷ್ಟು ಅಂತ ಅವಳು ಮೂರು ಸಲವೂ ಹೇಳಿದ್ದಳಂತೆ.