ಗ್ರಾಮರ್ ಮುಗಿಯದೆ ಇಂಗ್ಲಿಷ್ ಕಥೆ ಓದಿಸಬಹುದೇ?

ಪ್ರತಿ ಜೂನ್‌ನಲ್ಲಿ ಈ ಪ್ರಶ್ನೆ ಬರುತ್ತದೆ. ಈ ಸಲ ಕೇಳಿದವರು ಮುದ್ದೇಬಿಹಾಳದ ತಂದೆಯೊಬ್ಬರು. ‘ಮಗಳು ಎಂಟನೇ ಇಯತ್ತೆ, ಕನ್ನಡ ಮೀಡಿಯಂ. ಟೆನ್ಸೇ ಬರಂಗಿಲ್ಲ, ಕಥಿ ಓದಿಸಿ ಏನ್ ಉಪಯೋಗ ಸರ? ಮೊದಲ ಗ್ರಾಮರ್ ಮುಗಸ್ರಿ.’

ಗ್ರಾಮರ್ ಮುಗಿಯುವ ವಿಷಯವೇ ಅಲ್ಲ. ಕಥೆ ಇವತ್ತೇ ಶುರುವಾಗಲಿ.

‘ಗೋ, ವೆಂಟ್, ಗಾನ್’ ಅಂತ ತಪ್ಪಿಲ್ಲದೆ ಒಪ್ಪಿಸುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ನಿನ್ನೆ ಎಲ್ಲಿಗೆ ಹೋಗಿದ್ದೆ ಅಂತ ಇಂಗ್ಲಿಷ್‌ನಲ್ಲಿ ಕೇಳಿದರೆ, ಅದೇ ಮಕ್ಕಳು ‘ಐ ಆಮ್ ಗೋ ಬಾಗೇವಾಡಿ’ ಅನ್ನುತ್ತಾರೆ. ಪಟ್ಟಿ ಬಾಯಿಪಾಠವಾಗಿದೆ, ಮಾತು ಬಂದಿಲ್ಲ.

ಕನ್ನಡವನ್ನು ವ್ಯಾಕರಣ ಓದಿ ಕಲಿತೆವಾ ಅಂತ ಕೆಲವರು ನನ್ನ ಪರವಾಗಿ ವಾದಿಸುತ್ತಾರೆ. ಅದೂ ಪೂರ್ತಿ ಸರಿಯಲ್ಲ. ಕನ್ನಡ ತೊಟ್ಟಿಲಲ್ಲೇ ಕಿವಿಗೆ ಬಿದ್ದಿದೆ. ಇಂಗ್ಲಿಷ್ ನಮ್ಮ ಹಳ್ಳಿಯ ಸಂತೆಯಲ್ಲಿ, ಹೊಲದಲ್ಲಿ ಎಲ್ಲಿ ಕೇಳಿಸುತ್ತದೆ? ಅದಕ್ಕೇ ಕಥೆ ಬೇಕು. ಯಾರೋ ಹೋದ, ಏನೋ ನೋಡಿದ, ವಾಪಸ್ ಬಂದ, ಬಂದು ಹೇಳಿದ. ಒಂದೇ ಪುಟದಲ್ಲಿ ‘ವೆಂಟ್’, ‘ಸಾ’, ‘ಕೇಮ್’, ‘ಸೆಡ್’ ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ.

‘ಎ’ ಮತ್ತು ‘ದ’ ನೋಡಿ. ನಿಯಮ ಎಷ್ಟು ಸಲ ಬರೆಸಿದರೂ ತಪ್ಪುತ್ತಾರೆ. ಆದರೆ ಅಜ್ಜಿ ಕಥೆ ಹೇಗೆ ಹೇಳುತ್ತಾಳೆ? ‘ಒಂದೂರಾಗ ಒಬ್ಬ ರಾಜ ಇದ್ದ. ಆ ರಾಜಗ ಮಕ್ಕಳಿರಲಿಲ್ಲ.’ ಮೊದಲು ‘ಒಬ್ಬ’, ಆಮೇಲೆ ‘ಆ’. ಮೊದಲು ‘ಎ ಕಿಂಗ್’, ಆಮೇಲೆ ‘ದ ಕಿಂಗ್’. ಎರಡನ್ನೂ ಬೋರ್ಡಿನ ಮೇಲೆ ಪಕ್ಕಪಕ್ಕ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ‘ಹಂಗಾದ್ರ ಕಥಿಯಾಗ ಮುದುಕಿ ಈಗ ಬಂದಾಳ, ಅಕಿಗೆ ‘ಎ’ ಹಾಕಬೇಕಲ್ರಿ ಸರ?’ ‘ದ’ಗೆ ಬೇರೆ ಬಳಕೆಗಳೂ ಇವೆ, ನಿಜ. ಆದರೆ ಬುಡ ಅವಳಿಗೆ ಸಿಕ್ಕಿತ್ತು. ಗ್ರಾಮರ್ ಪುಸ್ತಕವನ್ನು ಆಮೇಲೆ ತೆಗೆದೆ. ಗ್ರಾಮರ್ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ, ಅದು ಕಥೆಯ ಹಿಂದೆ ಬರಲಿ.

ಕಷ್ಟದ ಪುಸ್ತಕ ಮಾತ್ರ ಬೇಡ. ಯಾರ ಸಹಾಯವೂ ಇಲ್ಲದೆ ಓದಿ ತಿಳಿಯಲು 100 ಪದಗಳಲ್ಲಿ ಸುಮಾರು 98 ಗೊತ್ತಿರಬೇಕು ಎಂದು ಭಾಷಾ ಸಂಶೋಧಕರಾದ ಹೂ (Hu) ಮತ್ತು ನೇಷನ್ (Nation) 2000ರ ಅಧ್ಯಯನದಲ್ಲಿ ಅಂದಾಜಿಸಿದ್ದಾರೆ. ಟೀಚರ್ ಜೊತೆಗಿದ್ದರೆ ಇನ್ನೂ ಸ್ವಲ್ಪ ಕಡಿಮೆ ನಡೆಯುತ್ತದೆ.

ಇನ್ನೊಂದು ಮಾತು, ಯಾರೂ ಕೇಳದಿದ್ದರೂ ಹೇಳುತ್ತೇನೆ. ಇಂಗ್ಲಿಷ್ ಕಲಿಯಲು ಇಂಗ್ಲೆಂಡಿನ ಕಥೆಯೇ ಆಗಬೇಕಿಲ್ಲ. ಎ. ಕೆ. ರಾಮಾನುಜನ್ 1950ರ ದಶಕದಲ್ಲಿ ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಆ ಕಾಲದಲ್ಲೇ ಈ ಭಾಗದ ಕಥೆಗಳನ್ನು ಕೇಳಿ ಬರೆದುಕೊಂಡರು, ಮುಂದೆ ಇಂಗ್ಲಿಷ್‌ಗೆ ತಂದರು. ಬಸವಣ್ಣನವರ ವಚನಗಳನ್ನೂ ಇಂಗ್ಲಿಷ್‌ಗೆ ತಂದರು. ಕಥೆ ಮೊದಲೇ ಗೊತ್ತಿದ್ದರೆ ಹೊಸ ಪದದ ಅರ್ಥ ಮಗುವಿಗೆ ತಾನಾಗಿ ಹೊಳೆಯುತ್ತದೆ.

ಹೋದ ವರ್ಷ ಮಕ್ಕಳಿಗೆ ಬಾಯಿಪಾಠವಿದ್ದ ಒಂದು ವಚನವನ್ನು ಇಂಗ್ಲಿಷ್‌ನಲ್ಲಿ ಕೊಟ್ಟೆ. ‘ಸರ, ಇದರಾಗ “ಅಯ್ಯಾ” ಇಲ್ಲ’ ಅಂದ ಒಬ್ಬ. ಸರಿ, ನೀವೇ ಹಾಕಿ ಅಂದೆ. ‘ಸರ್’ ಅಂದರು, ‘ಫಾದರ್’ ಅಂದರು, ‘ಲಾರ್ಡ್’ ಅಂದರು. ಯಾವುದೂ ಅವರಿಗೇ ಒಪ್ಪಿಗೆಯಾಗಲಿಲ್ಲ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.