ಜಪಾನ್‌ನಿಂದ ಒಬ್ಬೊಬ್ಬರಾಗಿ ಹೊರಟರು

1947ರಲ್ಲಿ ಭಾರತದ ಸೈನಿಕರು ಜಪಾನ್ ಬಿಟ್ಟು ಹಡಗು ಹತ್ತಿದಾಗ ಅಲ್ಲಿನ ಕೆಲಸವೇನೂ ಮುಗಿದಿರಲಿಲ್ಲ. ಶಾಂತಿ ಒಪ್ಪಂದ ಆಗಿರಲಿಲ್ಲ. ದೇಶದ ಮೇಲಿನ ಕೊನೆಯ ಮಾತು ಇನ್ನೂ ಅಮೆರಿಕದ ಜನರಲ್ ಡಗ್ಲಸ್ ಮೆಕಾರ್ಥರ್ ಅವರದ್ದೇ ಆಗಿತ್ತು. ಆದರೂ ಇವರು ಹೊರಟರು. ಇವರನ್ನು ಕಳಿಸಿದ್ದ ದೇಶವೇ ಎರಡು ಹೋಳಾಗುತ್ತಿತ್ತಲ್ಲ. ಕೆಲವು ತಿಂಗಳು ಮುಂಚೆ ಬ್ರಿಟಿಷ್ ಬ್ರಿಗೇಡ್ ಬೇರೆ ಕಾರಣಕ್ಕೆ ಹೊರಟಿತ್ತು. ಮರುವರ್ಷ ನ್ಯೂಜಿಲೆಂಡ್‌ನವರು ಮತ್ತೊಂದು ಕಾರಣಕ್ಕೆ ಹೊರಟರು.

ಎರಡನೇ ಮಹಾಯುದ್ಧದ ನಂತರ ಜಪಾನ್‌ಗೆ ಬಂದಿಳಿದ ಬ್ರಿಟಿಷ್ ಕಾಮನ್‌ವೆಲ್ತ್ ಪಡೆಯ ಕಥೆ ಇದು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಬಿಸಿಒಎಫ್ ಎಂದು ಕರೆಯುತ್ತಿದ್ದರು. ಸೋತ ದೇಶವನ್ನು ಹತೋಟಿಯಲ್ಲಿಡಲು ಹೋದ ಪಡೆ ಯಾವಾಗ ವಾಪಸ್ ಬರುತ್ತದೆ? ಅಲ್ಲಿ ಹಿಡಿದ ಕೆಲಸ ಮುಗಿದಾಗ ಅಂತ ನಾವು ಅಂದುಕೊಳ್ಳುತ್ತೇವೆ. ಬಿಸಿಒಎಫ್ ಕರಗಿದ ರೀತಿ ನೋಡಿದರೆ ಬೇರೆಯದೇ ಲೆಕ್ಕ ಕಾಣುತ್ತದೆ. ಪ್ರತಿ ಸಲವೂ ತೀರ್ಮಾನ ಆಗಿದ್ದು ಜಪಾನ್‌ನಲ್ಲಿ ಏನಾಯಿತು ಅನ್ನುವುದರ ಮೇಲಲ್ಲ, ಊರಲ್ಲಿ ಏನಾಯಿತು ಅನ್ನುವುದರ ಮೇಲೆ.

1945ರ ಆಗಸ್ಟ್ 15ರಂದು ಜಪಾನ್ ಶರಣಾಗತಿ ಘೋಷಿಸಿತು. ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯಲ್ಲಿ ನಿಂತಿದ್ದ ಮಿಸೌರಿ ಯುದ್ಧನೌಕೆಯ ಮೇಲೆ ಸಹಿ ಬಿತ್ತು. ವರ್ಷದ ಕೊನೆಗೆ ಮೂರೂವರೆ ಲಕ್ಷಕ್ಕೂ ಜಾಸ್ತಿ ಅಮೆರಿಕನ್ ಸೈನಿಕರು ಅಲ್ಲಿದ್ದರು. ಮಿತ್ರರಾಷ್ಟ್ರಗಳೆಲ್ಲ ಸೇರಿ ಕಾವಲು ಕಾಯಬೇಕು ಎಂಬ ಮಾತೇನೋ ಇತ್ತು. ಆದರೆ ಮೆಕಾರ್ಥರ್ ಕೈಕೆಳಗೆ ಸೈನ್ಯ ಇಡಲು ಸೋವಿಯತ್ ಒಕ್ಕೂಟ ಒಪ್ಪಲಿಲ್ಲ. ಅಂತರ್ಯುದ್ಧದಲ್ಲಿ ಮುಳುಗಿದ್ದ ಚೀನಾ ಪಡೆ ಕಳಿಸಲೇ ಇಲ್ಲ. ಕೆನಡಾ ಬೇಡ ಅಂದಿತು. ಉಳಿದವರು ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತ. ಈ ನಾಲ್ಕು ಸೇರಿ ಒಂದು ಪಡೆ ಆಯಿತು. 1946ರ ಫೆಬ್ರವರಿಯಿಂದ ಅದರ ಮುಖ್ಯ ತುಕಡಿಗಳು ಕೂರೆ ಬಂದರಿನಲ್ಲಿ ಇಳಿಯತೊಡಗಿದವು. ಆ ಹೊತ್ತಿಗೆ ಅಮೆರಿಕನ್ನರು ಬಂದು ಐದಾರು ತಿಂಗಳಾಗಿತ್ತು. ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ಬಂದ ನೆಂಟರ ಪರಿಸ್ಥಿತಿ ಇವರದ್ದು.

ಸಿಕ್ಕಿದ ಜಾಗವೂ ಹಾಗೇ ಇತ್ತು. ಅಣುಬಾಂಬಿಗೆ ಸುಟ್ಟುಹೋದ ಹಿರೋಶಿಮಾ, ಪಕ್ಕದಲ್ಲಿ ಬಾಂಬ್ ದಾಳಿಗೆ ಪುಡಿಯಾದ ಕೂರೆ, ಜೊತೆಗೆ ಯಾಮಾಗುಚಿ, ಶಿಮಾನೆ, ತೊತ್ತೋರಿ, ಒಕಾಯಾಮ, ಶಿಕೋಕು ದ್ವೀಪ. ಟೋಕಿಯೋ, ಒಸಾಕಾ ಎಲ್ಲ ಅಮೆರಿಕದ ಪಾಲು. ಪಡೆಯ ಮುಖ್ಯಸ್ಥರು ಆಸ್ಟ್ರೇಲಿಯಾದವರು. ಮೊದಲು ಲೆಫ್ಟಿನೆಂಟ್ ಜನರಲ್ ಜಾನ್ ನಾರ್ತ್‌ಕಾಟ್, 1946ರ ಮಧ್ಯದಿಂದ ಹೊರೇಸ್ ರಾಬರ್ಟ್‌ಸನ್. ಹೆಚ್ಚೆಂದರೆ ನಲವತ್ತು ಸಾವಿರ ಜನ ಇದ್ದ ಪಡೆ. ಅದರಲ್ಲಿ ಹತ್ತು ಸಾವಿರಕ್ಕೂ ಜಾಸ್ತಿ ಭಾರತದವರು.

ಭಾರತದ 268ನೇ ಬ್ರಿಗೇಡ್‌ನ ಮುಖ್ಯಸ್ಥರಾಗಿದ್ದವರು ಮಡಿಕೇರಿಯ ಬ್ರಿಗೇಡಿಯರ್ ಕೆ.ಎಸ್. ತಿಮ್ಮಯ್ಯ. ಬರ್ಮಾದ ಅರಾಕಾನ್‌ನಲ್ಲಿ ಯುದ್ಧದ ವೇಳೆ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯ ಅಧಿಕಾರಿ ಅವರು. ಈ ಬ್ರಿಗೇಡ್‌ನಲ್ಲಿ ಒಂದು ಪಂಜಾಬ್ ಬೆಟಾಲಿಯನ್, ಒಂದು ಗೂರ್ಖಾ ಬೆಟಾಲಿಯನ್, ಒಂದು ಮರಾಠಾ ಲೈಟ್ ಇನ್‌ಫೆಂಟ್ರಿ ಬೆಟಾಲಿಯನ್ ಇದ್ದವು. ಮರಾಠಾ ರೆಜಿಮೆಂಟಿನ ತರಬೇತಿ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಗೂರ್ಖಾಗಳು ಸರದಿಯ ಮೇಲೆ ಟೋಕಿಯೋಗೆ ಹೋಗಿ ಚಕ್ರವರ್ತಿಯ ಅರಮನೆಯ ಬಾಗಿಲಲ್ಲೂ ಕಾವಲು ನಿಂತರು. ಇನ್ನೂ ಸ್ವತಂತ್ರವಾಗದ ದೇಶದ ಸೈನಿಕರು ಇನ್ನೊಂದು ದೇಶದ ಸ್ವಾತಂತ್ರ್ಯ ಕಸಿದು ಕಾವಲಿಗೆ ನಿಂತಿದ್ದರು. ವಿಚಿತ್ರ ಅಲ್ವಾ?

ಕೆಲಸ ಏನಿತ್ತು ಅಂದರೆ, ಆಡಳಿತ ನಡೆಸುವ ಕೆಲಸವಂತೂ ಅಲ್ಲ. ಮೆಕಾರ್ಥರ್ ಮತ್ತು ನಾರ್ತ್‌ಕಾಟ್ 1945ರ ಡಿಸೆಂಬರ್‌ನಲ್ಲಿ ಮಾಡಿಕೊಂಡ ಒಪ್ಪಂದದ ಪ್ರಕಾರ, ಈ ಪಡೆ ಇದ್ದ ಜಿಲ್ಲೆಗಳಲ್ಲೂ ಸೈನಿಕ ಆಡಳಿತ ಅಮೆರಿಕದ್ದೇ. ಟೋಕಿಯೋದಲ್ಲಿದ್ದ ಮಿತ್ರರಾಷ್ಟ್ರಗಳ ಮಂಡಳಿಯಲ್ಲಿ ಈ ನಾಲ್ಕೂ ದೇಶಕ್ಕೆ ಸೇರಿ ಒಂದೇ ಕುರ್ಚಿ. ಇವರ ಪಾಲಿಗೆ ಬಂದಿದ್ದು ಮದ್ದುಗುಂಡು ಹುಡುಕಿ ನಾಶಮಾಡುವುದು, ಬಂದರುಗಳ ಮೇಲೆ ನಿಗಾ ಇಡುವುದು, ಕಳ್ಳಸಂತೆ ತಡೆಯುವುದು. ಆಗ ಹೊರದೇಶಗಳಿಂದ ಅರವತ್ತು ಲಕ್ಷಕ್ಕೂ ಹೆಚ್ಚು ಜಪಾನೀಯರು ತಾಯ್ನಾಡಿಗೆ ವಾಪಸಾಗುತ್ತಿದ್ದರು. ಅವರಲ್ಲಿ ದೊಡ್ಡ ಗುಂಪುಗಳು ಇವರ ಬಂದರುಗಳಿಗೇ ಬಂದಿಳಿದವು. ಒಕುನೋಶಿಮಾ ಎಂಬ ಪುಟ್ಟ ದ್ವೀಪದಲ್ಲಿ ಜಪಾನ್ ಗುಟ್ಟಾಗಿ ವಿಷಾನಿಲ ತಯಾರಿಸಿ ಪೇರಿಸಿಟ್ಟಿತ್ತು. ಅದನ್ನು ವಿಲೇವಾರಿ ಮಾಡಿಸಿದ್ದೂ ಇದೇ ಪಡೆ. ಇವತ್ತು ಆ ದ್ವೀಪ ಮೊಲಗಳಿಗೆ ಪ್ರಸಿದ್ಧ, ಪ್ರವಾಸಿಗಳು ಮೊಲಕ್ಕೆ ತಿನ್ನಿಸಲು ಹೋಗುತ್ತಾರೆ. ಖರ್ಚಿನ ಮಾತೂ ಹೇಳಬೇಕು. ವಿದೇಶಿ ಪಡೆಗಳಿಗೆ ಬೇಕಾದ ಕಟ್ಟಡ, ಕೂಲಿ, ಸಾಗಾಟದ ಹೊರೆ ಬಿದ್ದಿದ್ದು ಜಪಾನ್‌ನ ಖಜಾನೆಯ ಮೇಲೆ. ಆರಂಭದಲ್ಲಿ ಅದು ಬಜೆಟ್‌ನ ಮೂರನೇ ಒಂದು ಭಾಗದಷ್ಟಿತ್ತು.

ಹೀಗೆ ಅಧಿಕಾರ ಇಲ್ಲದ, ಹೆಸರಿಗೆ ದೊಡ್ಡ ಪಡೆಯನ್ನು ಎಷ್ಟು ದಿನ ಸಾಕುವುದು? ಯುದ್ಧ ಮುಗಿದ ಮೇಲೂ ಮನೆಗೆ ಕಳಿಸುತ್ತಿಲ್ಲ ಅಂತ ಸೈನಿಕರು ಎಲ್ಲೆಡೆ ಸಿಡಿದಿದ್ದರು. 1946ರ ಜನವರಿಯಲ್ಲಿ ಮನಿಲಾದಲ್ಲಿ ಸಾವಿರಾರು ಅಮೆರಿಕನ್ ಸೈನಿಕರು ಬೀದಿಗಿಳಿದರು. ಅದೇ ತಿಂಗಳು ಕರಾಚಿಯಲ್ಲಿ ಬ್ರಿಟಿಷ್ ವಾಯುಪಡೆಯವರೇ ಕೆಲಸ ನಿಲ್ಲಿಸಿದರು. ಮೆಕಾರ್ಥರ್‌ಗೆ ಈ ಒತ್ತಡದ ಅರಿವು ಇದ್ದಿರಲೇಬೇಕು. ಎರಡು ಲಕ್ಷ ಜನ ಸಾಕು ಅಂತ 1945ರ ಸೆಪ್ಟೆಂಬರ್‌ನಲ್ಲೇ ಹೇಳಿ ವಾಷಿಂಗ್ಟನ್‌ನವರ ಸಿಟ್ಟಿಗೆ ಗುರಿಯಾಗಿದ್ದರು.

ಬಿಸಿಒಎಫ್‌ನಲ್ಲಿ ಮೊದಲು ಕಾಲ್ತೆಗೆದಿದ್ದು ಬ್ರಿಟನ್. 1947ರ ಫೆಬ್ರವರಿ ಅಲ್ಲಿನ ಸರ್ಕಾರಕ್ಕೆ ಕೆಟ್ಟ ತಿಂಗಳು. ಭಾರೀ ಹಿಮ ಬಿದ್ದು ಕಲ್ಲಿದ್ದಲು ಸಾಗಾಟ ನಿಂತಿತ್ತು. ಕಾರ್ಖಾನೆಗಳು ಮುಚ್ಚಿದ್ದವು. ಆ ಒಂದೇ ತಿಂಗಳಲ್ಲಿ ಪ್ಯಾಲೆಸ್ಟೀನ್ ಪ್ರಶ್ನೆಯನ್ನು ವಿಶ್ವಸಂಸ್ಥೆಗೆ ಒಪ್ಪಿಸುವ ತೀರ್ಮಾನ ಹೊರಬಿತ್ತು. ಗ್ರೀಸ್‌ಗೆ ಇನ್ನು ಹಣ ಕೊಡಲಾಗದು ಅಂತ ಅಮೆರಿಕಕ್ಕೆ ತಿಳಿಸಿದ್ದಾಯಿತು. 1948ರ ಜೂನ್ ಒಳಗೆ ಭಾರತ ಬಿಡುತ್ತೇವೆ ಅಂತ ಪ್ರಧಾನಿ ಅಟ್ಲಿ ಘೋಷಿಸಿದರು. ಇಷ್ಟೆಲ್ಲದರ ನಡುವೆ ಶಿಕೋಕುವಿನಲ್ಲಿದ್ದ ಒಂದು ಬ್ರಿಗೇಡ್ ಯಾವ ಲೆಕ್ಕ? 1947ರ ಆರಂಭದಲ್ಲಿ ಅದನ್ನು ಮಲಯಾಕ್ಕೆ ಕಳಿಸಿದರು. ಹತ್ತಿರದಲ್ಲೇ ಇದ್ದ ಇನ್ನೊಂದು ವಸಾಹತಿಗೆ ಜನ ಬೇಕಿತ್ತು.

ಭಾರತದ್ದು ಹೆಚ್ಚು ಕಠಿಣವಾದ ಹಿಂತೆಗೆತ. 1946ರ ಸೆಪ್ಟೆಂಬರ್‌ನಲ್ಲಿ ನೆಹರೂ ಮಧ್ಯಂತರ ಸರ್ಕಾರಕ್ಕೆ ಸೇರಿದಾಗಿನಿಂದಲೇ, ಹೊರದೇಶಗಳಲ್ಲಿ ಬ್ರಿಟನ್ ಪರವಾಗಿ ನಿಂತ ಸೈನಿಕರನ್ನು ಕರೆಸಿಕೊಳ್ಳಬೇಕು ಎಂಬ ಒತ್ತಾಯ ಜೋರಾಗಿತ್ತು. ಇಂಡೋನೇಷ್ಯಾದಿಂದ ಅದೇ ವರ್ಷದ ಕೊನೆಗೆ ಪಡೆ ವಾಪಸ್ ಬಂತು. ಜಪಾನ್‌ನಿಂದ ಬರಬೇಕಾದವರಿಗೆ ಮಾತ್ರ ಮನೆ ಯಾವುದು ಎಂಬುದೇ ಪ್ರಶ್ನೆಯಾಯಿತು. 1947ರ ಜೂನ್ 3ರಂದು ದೇಶ ವಿಭಜನೆಯ ಯೋಜನೆ ಬಂತು. ಸೈನ್ಯವನ್ನೂ ಸುಮಾರು ಎರಡಕ್ಕೆ ಒಂದರಂತೆ ಹಂಚಬೇಕಾಯಿತು. ಶಿಮಾನೆಯ ಚಳಿಯಲ್ಲಿ ಒಟ್ಟಿಗೆ ಪಹರೆ ತಿರುಗಿದ ಬೆಟಾಲಿಯನ್‌ಗಳಲ್ಲಿ ಒಂದನೇ ಪಂಜಾಬ್ ರೆಜಿಮೆಂಟಿನದು ಪಾಕಿಸ್ತಾನಕ್ಕೆ ಹೋಯಿತು. ಮರಾಠಾ ಮತ್ತು ಗೂರ್ಖಾ ಬೆಟಾಲಿಯನ್‌ಗಳು ಭಾರತಕ್ಕೆ ಉಳಿದವು. ಗೂರ್ಖಾ ರೆಜಿಮೆಂಟುಗಳನ್ನು ಬ್ರಿಟನ್ ಜೊತೆಗೂ ಹಂಚಿಕೊಳ್ಳಬೇಕಿತ್ತು. ಹತ್ತರಲ್ಲಿ ಆರು ನಮಗೆ, ನಾಲ್ಕು ಅವರಿಗೆ.

ತಿಮ್ಮಯ್ಯನವರನ್ನು ಜಪಾನ್‌ನಿಂದ ಕರೆಸಿ ಕೂರಿಸಿದ್ದೂ ಈ ಹಂಚಿಕೆಯ ಕೆಲಸಕ್ಕೇ. ಸೋತವರ ಆಯುಧ ಎಣಿಸಿಕೊಂಡಿದ್ದವರು ಈಗ ತಮ್ಮದೇ ಸೈನ್ಯದ ಬಂದೂಕು, ರೆಜಿಮೆಂಟು ಎಣಿಸಿ ಪಾಲು ಮಾಡಬೇಕಾಯಿತು. ಅದು ಮುಗಿಯುವಷ್ಟರಲ್ಲಿ ಪಂಜಾಬ್ ಹೊತ್ತಿ ಉರಿಯುತ್ತಿತ್ತು, ಅಲ್ಲಿಗೆ ಹೊರಟರು. ಜಪಾನ್‌ನಲ್ಲಿ ಅವರ ಬ್ರಿಗೇಡ್ ಜೊತೆಗಿದ್ದ 7ನೇ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳನ್ನು ಮುಂದಿನ ವರ್ಷ, 1948ರ ನವೆಂಬರ್ 1ರಂದು, ಕಾಶ್ಮೀರ ಯುದ್ಧದಲ್ಲಿ ಅವರೇ ಝೋಜಿಲಾ ಕಣಿವೆದಾರಿಗೆ ಹತ್ತಿಸಿದರು. ಲಡಾಖ್ ದಾರಿ ತೆರೆದಿದ್ದು ಹಾಗೆ. ಇದನ್ನು ನಮ್ಮಲ್ಲಿ ಬಹಳ ಜನ ಬಲ್ಲರು, ಜಪಾನ್ ಅಧ್ಯಾಯವನ್ನು ಮಾತ್ರ ಯಾಕೋ ಯಾರೂ ಎತ್ತುವುದಿಲ್ಲ. ಸೈನಿಕರು ಹೋದ ಮೇಲೆ ಟೋಕಿಯೋದಲ್ಲಿ ಭಾರತದ ಪರವಾಗಿ ಉಳಿದಿದ್ದು ಸಣ್ಣದೊಂದು ಸಂಪರ್ಕ ಕಚೇರಿ. ಅದನ್ನು ನಡೆಸಿದವರೂ ನಮ್ಮ ಕರಾವಳಿ ಮೂಲದವರೇ, ಮುಂದೆ ರಿಸರ್ವ್ ಬ್ಯಾಂಕ್ ಗವರ್ನರ್ ಆದ ಬೆನಗಲ್ ರಾಮರಾವ್.

ನ್ಯೂಜಿಲೆಂಡ್ ಕಥೆ ಚಿಕ್ಕದು. ಯುದ್ಧ ಮುಗಿದಾಗ ಇಟಲಿಯಲ್ಲಿದ್ದವರನ್ನು ಮನೆಗೂ ಕಳಿಸದೆ ನೇರ ಯಾಮಾಗುಚಿಗೆ ತಂದಿದ್ದರು. ಅಲ್ಲಿ ನಾಲ್ಕು ಸಾವಿರ ಜನರನ್ನು ಇಡುವುದು ಆ ಪುಟ್ಟ ದೇಶಕ್ಕೆ ಕಷ್ಟವಾಯಿತು, 1948ರಲ್ಲಿ ಹೊರಟುಬಿಟ್ಟರು.

ಉಳಿದಿದ್ದು ಆಸ್ಟ್ರೇಲಿಯಾ. ಯುದ್ಧದಲ್ಲಿ ತನ್ನ ಡಾರ್ವಿನ್ ನಗರದ ಮೇಲೆ ಜಪಾನ್‌ನಿಂದ ಬಾಂಬ್ ಹಾಕಿಸಿಕೊಂಡಿದ್ದ ದೇಶಕ್ಕೆ ಜಪಾನ್ ಮತ್ತೆ ತಲೆ ಎತ್ತೀತು ಎಂಬ ಭಯ ಸುಮ್ನೆ ಹೋಗುವಂಥದ್ದಲ್ಲ. ಆದರೂ ಮೂರು ಬೆಟಾಲಿಯನ್ ಇದ್ದದ್ದು ಒಂದಕ್ಕೆ ಇಳಿಯಿತು. ಆ ಹೊತ್ತಿಗೆ ಅಲ್ಲಿ ಒಂದು ಸಂಸಾರವೇ ಬೆಳೆದಿತ್ತು. ಪಡೆಯವರ ಹೆಂಡತಿ ಮಕ್ಕಳಿಗೆಂದು ಕೂರೆ ಹತ್ತಿರ ನಿಜಿಮುರ ಎಂಬ ಕಾಲೊನಿ ಕಟ್ಟಿದ್ದರು. ಅಡುಗೆಯವರು, ಡ್ರೈವರ್‌ಗಳು, ಗೋದಾಮಿನ ಕೂಲಿಗಳು ಅಂತ ಸಾವಿರಾರು ಜಪಾನೀಯರಿಗೆ ಅನ್ನ ಆ ಪಡೆಯಿಂದಲೇ. ಒಂದೊಂದು ತುಕಡಿ ಹೊರಟಾಗಲೂ ಅಷ್ಟು ಕೆಲಸ ಹೋಗುತ್ತಿತ್ತು. ಹೆಚ್ಚು ನೋವಾಗಿದ್ದು ಪ್ರೀತಿ ಮಾಡಿದವರಿಗೆ. ಸ್ಥಳೀಯರ ಜೊತೆ ಬೆರೆಯಬಾರದು ಎಂಬ ಆಜ್ಞೆ 1946ರಲ್ಲೇ ಇತ್ತು. ಜಪಾನಿ ಹೆಣ್ಣನ್ನು ಮದುವೆಯಾದವನು ಅವಳನ್ನು ಆಸ್ಟ್ರೇಲಿಯಾಕ್ಕೆ ಕರೆದೊಯ್ಯುವಂತಿರಲಿಲ್ಲ. ಅಪ್ಪಂದಿರು ಹಡಗು ಹತ್ತಿದರು, ಎಷ್ಟೋ ಮಕ್ಕಳು ಕೂರೆಯಲ್ಲಿ ಉಳಿದರು. 1952ರಲ್ಲಿ ನಿಯಮ ಸಡಿಲವಾದ ಮೇಲೆ ಸುಮಾರು 650 ಪತ್ನಿಯರು ಆಸ್ಟ್ರೇಲಿಯಾ ತಲುಪಿದರು.

1950ರಲ್ಲಿ ಕೊನೆಯ ಬೆಟಾಲಿಯನ್ನನ್ನೂ ಕರೆಸಿಕೊಳ್ಳಲು ತೀರ್ಮಾನವಾಗಿತ್ತು. ಜೂನ್ 25ರಂದು ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಇವಾಕುನಿಯಲ್ಲಿದ್ದ ಆಸ್ಟ್ರೇಲಿಯಾದ ಯುದ್ಧವಿಮಾನಗಳ 77ನೇ ಸ್ಕ್ವಾಡ್ರನ್ ಜುಲೈ ಆರಂಭದಲ್ಲೇ ಹಾರಿತು. ಮನೆಗೆ ಹೋಗಬೇಕಿದ್ದ ಬೆಟಾಲಿಯನ್ ಸೆಪ್ಟೆಂಬರ್‌ನಲ್ಲಿ ಕೊರಿಯಾ ಸೇರಿತು. ಖಾಲಿಯಾಗಬೇಕಿದ್ದ ಕೂರೆ ಮತ್ತೆ ತುಂಬಿತು, ಈ ಸಲ ಇನ್ನೊಂದು ಯುದ್ಧದ ಹಿಂಬದಿ ನೆಲೆಯಾಗಿ. ಅಮೆರಿಕದ ಸೇನಾ ವಿಭಾಗಗಳೂ ಜಪಾನ್ ಬಿಟ್ಟು ಕೊರಿಯಾಕ್ಕೆ ಹೋದವು. ಜಾಗ ತುಂಬಲು 75,000 ಜನರ ಪೊಲೀಸ್ ಮೀಸಲು ಪಡೆ ಕಟ್ಟಿ ಎಂದು ಮೆಕಾರ್ಥರ್ ಜಪಾನ್‌ಗೆ ಆದೇಶಿಸಿದರು. ಆಯುಧ ಕಿತ್ತುಕೊಂಡವರೇ ಐದು ವರ್ಷಕ್ಕೆ ಆಯುಧ ಕೊಟ್ಟರು. ಇವತ್ತಿನ ಜಪಾನ್‌ನ ಆತ್ಮರಕ್ಷಣಾ ಪಡೆಯ ಬೇರು ಅಲ್ಲಿದೆ.

ಕಾಗದದ ಮೇಲೆ ಎಲ್ಲ ಮುಗಿದಿದ್ದು 1952ರ ಏಪ್ರಿಲ್ 28ರಂದು. 1951ರ ಸೆಪ್ಟೆಂಬರ್ 8ರಂದು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಹಿಯಾಗಿದ್ದ ಶಾಂತಿ ಒಪ್ಪಂದ ಅಂದು ಜಾರಿಗೆ ಬಂತು, ಬಿಸಿಒಎಫ್ ಇಲ್ಲವಾಯಿತು. ಭಾರತ ಆ ಸಮ್ಮೇಳನಕ್ಕೇ ಹೋಗಿರಲಿಲ್ಲ. ಅಮೆರಿಕದ ಸೈನ್ಯ ಅಲ್ಲೇ ಉಳಿಯುವ ಏರ್ಪಾಡು ದೆಹಲಿಯ ಆಕ್ಷೇಪಗಳಲ್ಲಿ ಒಂದು. ಜಪಾನ್ ಜೊತೆ 1952ರ ಜೂನ್ 9ರಂದು ಬೇರೆಯೇ ಒಪ್ಪಂದ ಮಾಡಿಕೊಂಡು, ಯುದ್ಧ ಪರಿಹಾರವನ್ನೂ ಬಿಟ್ಟುಕೊಟ್ಟಿತು.

ದೆಹಲಿಯ ಆಕ್ಷೇಪ ಸುಳ್ಳೇನೂ ಆಗಲಿಲ್ಲ. ಶಾಂತಿ ಒಪ್ಪಂದಕ್ಕೆ ಸಹಿಯಾದ ದಿನವೇ ಅಮೆರಿಕ ಜಪಾನ್ ಜೊತೆ ಭದ್ರತಾ ಒಪ್ಪಂದಕ್ಕೂ ಸಹಿ ಹಾಕಿತ್ತು. ಬ್ರಿಟನ್‌ಗೆ, ಭಾರತಕ್ಕೆ, ನ್ಯೂಜಿಲೆಂಡ್‌ಗೆ ಇದ್ದಂಥ ಊರಿನ ತಾಪತ್ರಯ ಅದಕ್ಕೆ ಇರಲಿಲ್ಲ. ಓಕಿನಾವಾ 1972ರವರೆಗೆ ಅದರ ಆಡಳಿತದಲ್ಲೇ ಇತ್ತು. ಆಸ್ಟ್ರೇಲಿಯಾದ ವಿಮಾನಗಳು ಕೊರಿಯಾಕ್ಕೆ ಹಾರಿದ ಇವಾಕುನಿಯಲ್ಲಿ ಇವತ್ತಿಗೂ ಅಮೆರಿಕದ ಮರೀನ್ ಪಡೆಯ ವಿಮಾನನೆಲೆ ಇದೆ.